ಹೊಸ್ತಿಲು ದಾಟಿದ ದಿನ

ರಾಜರು ಸಿಂಹಾಸನವೇರಿದ ದಿನಗಳನ್ನು ನಮ್ಮ ಶಾಸನಗಳು ತಿಥಿ, ವಾರ, ನಕ್ಷತ್ರಗಳ ಸಮೇತ ಬರೆದಿಟ್ಟಿವೆ. ಒಂದು ಮಗು ತನ್ನ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿದ ದಿನವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಿದ್ದಿಲ್ಲ. ಆದರೆ ಆ ದಿನವನ್ನು ಮರೆತ ತಾಯಿಯನ್ನು ನಾನು ಈವರೆಗೆ ಕಂಡಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಈ ಎರಡನೆಯ ಬಗೆಯ ಇತಿಹಾಸವನ್ನು. ತೊಟ್ಟಿಲಿನಿಂದಿಳಿದ ಮಗು ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ನಮ್ಮ ನಾಡಿನ ತಾಯಂದಿರು ನಡೆಸಿಕೊಂಡು ಬಂದ ದಿನಚರಿಯ ಇತಿಹಾಸವನ್ನು.

ಈ ವಿಷಯ ನನ್ನ ತಲೆಯನ್ನು ಹೊಕ್ಕಿದ್ದು ಒಂದು ಸಣ್ಣ ಪ್ರಸಂಗದಿಂದ. ನನ್ನ ಮಗಳು ಬೆಂಗಳೂರಿನಲ್ಲಿ ಬಹುಮಹಡಿ ಕಟ್ಟಡವೊಂದರ ಒಂಬತ್ತನೆಯ ಅಂತಸ್ತಿನಲ್ಲಿ ವಾಸವಾಗಿದ್ದಾಳೆ. ಕಳೆದ ಸಂಕ್ರಾಂತಿಯ ಹೊತ್ತಿಗೆ ಅವಳ ಮಗುವಿಗೆ ಹತ್ತು ತಿಂಗಳು ತುಂಬಿತ್ತು. ಅಂಬೆಗಾಲಿಕ್ಕಿ ಕೋಣೆಯಿಂದ ಕೋಣೆಗೆ ಸುತ್ತುತ್ತಿತ್ತು. ನನ್ನ ಪತ್ನಿ, "ಮಗು ಹೊಸ್ತಿಲು ದಾಟಿತೇ? ಕಾಯಿ ಒಡೆಯಬೇಡವೇ?" ಎಂದು ಕೇಳಿದಾಗ ಮಗಳು ನಕ್ಕು, "ಅಮ್ಮ, ಈ ಮನೆಯಲ್ಲಿ ಹೊಸ್ತಿಲೆಲ್ಲಿದೆ?" ಎಂದಳು. ನೋಡಿದರೆ ನಿಜ. ನೆಲವೆಲ್ಲ ಒಂದೇ ಸಮ. ದಾಟಬೇಕಾದ ಎತ್ತರವೇ ಎಲ್ಲಿಯೂ ಇಲ್ಲ. ಶತಮಾನಗಳ ಕಾಲ ತಾಯಂದಿರು ಮಗುವಿನ ಬೆಳವಣಿಗೆಯನ್ನು ಅಳೆದುಕೊಂಡು ಬಂದ ಅಳತೆಗೋಲೊಂದು ಸದ್ದಿಲ್ಲದೆ ಮನೆಯಿಂದ ಹೊರಟುಹೋಗಿತ್ತು. ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಹೊಸ್ತಿಲಿಗೆ ಬೇರೆಯೇ ಒಂದು ಕಥೆಯುಂಟು. ಅದನ್ನು ಮುಂದೆ ಹೇಳುತ್ತೇನೆ.

ಇಂಥ ಇತಿಹಾಸಕ್ಕೆ ಆಧಾರಗಳೆಲ್ಲಿ ಎಂದು ನೀವು ಕೇಳಬಹುದು. ಕನ್ನಡದ ಮೇಷ್ಟರಾಗಿದ್ದ ನನಗೆ ಮೊದಲು ಕಾಣುವ ಆಧಾರ ಭಾಷೆಯೇ. ಮಗುವಿನ ಮೊದಲ ಮೂರು ವರ್ಷಗಳನ್ನು ಕನ್ನಡ ಎಷ್ಟು ಸೂಕ್ಷ್ಮವಾಗಿ ವಿಭಾಗಿಸಿಕೊಂಡಿದೆ ನೋಡಿ. ಹಸುಗೂಸು, ಎಳೆಗೂಸು, ಬೋರಲು ಬೀಳುವ ಕೂಸು, ಅಂಬೆಗಾಲಿಕ್ಕುವ ಕೂಸು, ದಟ್ಟಡಿಯಿಡುವ ಮಗು, ತೊದಲು ನುಡಿಯುವ ಮಗು. ಒಂದೊಂದು ಮಾತೂ ಒಂದೊಂದು ಮೆಟ್ಟಿಲು. ಈ ಮಾತುಗಳನ್ನು ಟಂಕಿಸಿದವರು ಪಂಡಿತರಲ್ಲ. ದಿನವಿಡೀ ಮಗುವನ್ನು ಕಣ್ಣಲ್ಲಿಟ್ಟು ನೋಡಿದವರು. ಇನ್ನು ತಾಯಿ ಮಗುವಿನೊಡನೆ ಆಡುವ ಮಾತು. ಅನ್ನಕ್ಕೆ 'ಬುವ್ವ', ನಿದ್ದೆಗೆ 'ತಾಚಿ', ಹಸುವಿಗೆ 'ಅಂಬಾ'. ತುಟಿಗೆ ತುಟಿ ತಾಗಿದರೆ ಹೊರಡುವ ಸುಲಭದ ಅಕ್ಷರಗಳು, ಇಮ್ಮಡಿಸಿದ ವ್ಯಂಜನಗಳು. ಹಲ್ಲು ಮೂಡದ ಬಾಯಿಗೆ ಹೊಂದುವಂತೆ ಭಾಷೆಯನ್ನೇ ಮೆತ್ತಗೆ ಕಲಸಿ ತುತ್ತುಮಾಡಿ ಉಣಿಸಿದಂತೆ ಇವು ಕಾಣುತ್ತವೆ.

ವ್ಯಾಕರಣದ ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಕನ್ನಡದಲ್ಲಿ ಮಗು ನಪುಂಸಕಲಿಂಗ. 'ಮಗು ಬಂದಿತು', 'ಕೂಸು ಅತ್ತಿತು' ಎನ್ನುತ್ತೇವೆಯೇ ಹೊರತು 'ಬಂದನು', 'ಅತ್ತಳು' ಎನ್ನುವುದಿಲ್ಲ. ಗಂಡೆಂಬ, ಹೆಣ್ಣೆಂಬ ಭೇದ ಇನ್ನೂ ಅಂಟಿಕೊಳ್ಳದ ಒಂದು ಅವಧಿಯನ್ನು ಭಾಷೆ ಮಗುವಿಗೆ ಕೊಟ್ಟಿದೆ. ಸಮಾಜ ಅಷ್ಟು ಉದಾರವಾಗಿರಲಿಲ್ಲವೆಂಬುದು ಬೇರೆ ಮಾತು. 'ಅದು' ಎಂದು ಕರೆಯುತ್ತಿದ್ದ ಕೂಸನ್ನು ಮನೆಯವರು ಒಂದು ದಿನ ತಮಗರಿವಿಲ್ಲದೆಯೇ 'ಅವನು' ಎಂದೋ 'ಅವಳು' ಎಂದೋ ಕರೆಯತೊಡಗುತ್ತಾರೆ. ಅಂದಿಗೆ ಶೈಶವ ಮುಗಿಯಿತೆಂದು ತಿಳಿಯಬೇಕು.

ಎರಡನೆಯ ಆಧಾರ ಹಾಡು. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದಾಗ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಲ್ಲಿ ಕೂಸಿನ ಅಳು, ಕೂಸಿನ ಆಟ, ಕೂಸಿನ ಹಟಗಳಿಗೆ ಎಷ್ಟು ದೊಡ್ಡ ಸ್ಥಾನವಿದೆಯೆಂಬುದು ಓದುಬಲ್ಲ ಜನಕ್ಕೆ ತಿಳಿಯಿತು. ದಾಸರ ಕೀರ್ತನೆಗಳಲ್ಲಿ ಬರುವ ಬಾಲಕೃಷ್ಣನೂ ನಮ್ಮ ಮನೆಗಳ ಕೂಸೇ. ಗುಮ್ಮನನ್ನು ಕರೆಯಬೇಡವೆಂದು ಅವನು ತಾಯಿಯನ್ನು ಬೇಡಿಕೊಳ್ಳುವ ಕೀರ್ತನೆಯನ್ನು ಪುರಂದರದಾಸರು ಬರೆಯಬೇಕಾದರೆ, ಊಟಕ್ಕೆ ಹಟಮಾಡುವ ಮಗುವಿಗೆ ಗುಮ್ಮನ ಹೆದರಿಕೆ ಹಾಕುವ ತಾಯಿಯನ್ನು ಅವರು ಯಾವುದೋ ಕೇರಿಯಲ್ಲಿ ಕಂಡಿರಲೇಬೇಕು. ಹದಿನಾರನೆಯ ಶತಮಾನದ ಒಂದು ಸಂಜೆಯ ಊಟ ಹೀಗೆ ನಮಗೆ ದೊರೆತಿದೆ.

ಮೂರನೆಯದು ವಸ್ತುಗಳು. ಸೊಂಡಿಯಿರುವ ಪುಟ್ಟ ಒಳಲೆ, ಸೊಂಟದ ಉಡಿದಾರ, ಕಾಡಿಗೆಯ ಕರಡಿಗೆ, ತೇಯ್ದು ತೇಯ್ದು ಸವೆದ ಬಜೆಯ ಬೇರು. ನಮ್ಮ ತಾಯಿಯವರು ಮಗುವಿಗೆ ಎರೆಯುತ್ತಿದ್ದ ಬಗೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು ಎರಡು ಕಾಲನ್ನೂ ಉದ್ದಕ್ಕೆ ಚಾಚಿ, ನನ್ನ ತಂಗಿಯನ್ನು ಕಾಲಿನ ಮೇಲೆ ಬೋರಲು ಹಾಕಿ, ಹರಳೆಣ್ಣೆ ತೀಡಿ, ಅಂಗೈಯಲ್ಲಿ ಶಾಖ ನೋಡಿ ನೋಡಿ ನೀರು ಹೊಯ್ಯುತ್ತಿದ್ದರು. ಆಮೇಲೆ ಸಾಂಬ್ರಾಣಿ ಹೊಗೆ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು. ಈ ಪದ್ಧತಿಯಲ್ಲಿ ಕೆಲವನ್ನು ಇಂದಿನ ವೈದ್ಯರು ಬೇಡವೆನ್ನುತ್ತಾರೆ. ಕಣ್ಣಿಗೆ ಕಾಡಿಗೆ ಬೇಡ, ಹೊಗೆ ಬೇಡ, ಕಿವಿಗೆ ಮೂಗಿಗೆ ಎಣ್ಣೆ ಬೇಡ. ಅವರ ಮಾತು ಸರಿಯಾದುದೇ. ಆದರೆ ಆ ಅರ್ಧ ಗಂಟೆಯಲ್ಲಿ ತಾಯಿಯ ಕೈ ಮಗುವಿನ ಒಂದೊಂದು ಮೂಳೆಯನ್ನೂ ತಡವಿ ನೋಡುತ್ತಿತ್ತು. ಜ್ವರವಿದ್ದರೆ, ಗಂಟಿದ್ದರೆ, ಮೈ ಇಳಿದಿದ್ದರೆ ಆ ಕೈಗೆ ಮೊದಲು ತಿಳಿಯುತ್ತಿತ್ತು.

ಊಟದ ವಿಷಯದಲ್ಲಿ ತಾಯಂದಿರ ತಿಳಿವಳಿಕೆ ವಿಜ್ಞಾನದ ಪರೀಕ್ಷೆಯಲ್ಲಿಯೂ ಗೆದ್ದಿದೆ. ನಮ್ಮ ಕಡೆ ಆರು ತಿಂಗಳು ದಾಟಿದ ಮಗುವಿಗೆ ರಾಗಿ ಸರಿ ತಿನ್ನಿಸುವುದು ವಾಡಿಕೆ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದರು. ಎರಡು ಮೂರು ದಿನದ ಕೆಲಸ. ಇಷ್ಟು ಶ್ರಮವೇಕೆ? ಬರಿಯ ರಾಗಿಹಿಟ್ಟನ್ನು ಕುದಿಸಿದರೆ ಅದು ಬೇಗ ಗಟ್ಟಿಯಾಗುತ್ತದೆ. ಮಗು ನುಂಗುವಂತೆ ಮಾಡಲು ನೀರು ಬೆರೆಸಬೇಕು. ನೀರು ಹೆಚ್ಚಿದಷ್ಟೂ ಸತ್ತ್ವ ಕಡಿಮೆ. ಕಾಳು ಮೊಳೆತಾಗ ಅದರೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಅದೇ ಪ್ರಮಾಣದ ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಪುಟ್ಟ ಹೊಟ್ಟೆಗೆ ಒಂದೊಂದು ಚಮಚದಲ್ಲಿಯೂ ಹೆಚ್ಚಿನ ಆಹಾರ. ನೂರು ಗ್ರಾಮ್ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕ ಸುಣ್ಣದ ಅಂಶವಿದೆ. ಇದು ಅಕ್ಕಿ ಗೋಧಿಗಳಲ್ಲಿರುವುದಕ್ಕಿಂತ ಎಷ್ಟೋ ಪಾಲು ಅಧಿಕ. ಹಾಲು ಸಾಲದ ಮನೆಗಳಲ್ಲಿ ಮಗುವಿನ ಎಲುಬು ಹಲ್ಲುಗಳನ್ನು ಕಾದದ್ದು ಈ ಕಪ್ಪು ಧಾನ್ಯ. ಕಿಣ್ವವೆಂಬ ಮಾತನ್ನೇ ಕೇಳದ ಅಜ್ಜಿಯರು ಅದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಕೆಲಸಮಾಡಿಸುತ್ತಿದ್ದರು.

ಇನ್ನು ನಡಿಗೆ. ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಮೂರು ಗಾಲಿಯ ಮರದ ಗಾಡಿಯನ್ನು ಹಿಡಿದು ನಡಿಗೆ ಕಲಿತಿರಬಹುದು. ಮುಂದೆ ಒಂದು ಗಾಲಿ, ಹಿಂದೆ ಎರಡು, ಹಿಡಿದುಕೊಳ್ಳಲು ಅಡ್ಡಪಟ್ಟಿ. ಇದು ಎಷ್ಟು ಹಳೆಯದು ಬಲ್ಲಿರಾ? ನಮ್ಮ ಪ್ರಾಚೀನ ವೈದ್ಯದಲ್ಲಿ ಮಕ್ಕಳ ಚಿಕಿತ್ಸೆಗೆಂದೇ 'ಕೌಮಾರಭೃತ್ಯ'ವೆಂಬ ಶಾಖೆಯುಂಟು. ಅದರ ಮುಖ್ಯ ಗ್ರಂಥ 'ಕಾಶ್ಯಪ ಸಂಹಿತೆ'. ಬಹುಕಾಲ ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿ ನೇಪಾಳದಲ್ಲಿ ದೊರೆತು, 1938ರಲ್ಲಿ ಅಚ್ಚಾಯಿತು. ವರ್ಷ ತುಂಬಿದರೂ ನಡೆಯದ ಮಗುವಿನ ದೋಷವನ್ನು ಕಾಶ್ಯಪನು 'ಫಕ್ಕ'ವೆಂದು ಕರೆದು, ಚಿಕಿತ್ಸೆಯ ಅಂಗವಾಗಿ ಮೂರು ಗಾಲಿಯ ರಥವೊಂದನ್ನು ಮಾಡಿಸಿ ನಡೆಯುವ ಅಭ್ಯಾಸ ಮಾಡಿಸಬೇಕೆಂದು ಹೇಳುತ್ತಾನೆ. ಹಟ್ಟಿಯ ಬಡಗಿ ಮಾಡಿಕೊಟ್ಟ ಗಾಡಿಯ ಹಿಂದೆ ಅಷ್ಟು ದೀರ್ಘ ಪರಂಪರೆಯಿದೆ.

ಬೆಂಗಳೂರು ಮೈಸೂರು ದಾರಿಯಲ್ಲಿ ಚನ್ನಪಟ್ಟಣವುಂಟು. ಹಾಲೆಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ತಾಳೆಯ ಗರಿಯಿಂದ ಹೊಳಪು ಕೊಡುವ ಅಲ್ಲಿನ ಗೊಂಬೆಯ ಕೆಲಸ ಲೋಕಪ್ರಸಿದ್ಧ. ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆಂಬುದನ್ನು ತಿಳಿದವರಂತೆ ಅಲ್ಲಿನವರು ಮೂಲೆ ಮೊನೆಗಳಿಲ್ಲದ ದುಂಡನೆಯ ಆಟಿಕೆಗಳನ್ನು ಮಾಡುತ್ತ ಬಂದಿದ್ದಾರೆ. ಅದೇ ಚನ್ನಪಟ್ಟಣದ ಪಕ್ಕದಲ್ಲಿಯೇ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಕ್ಕುವ ನವನೀತಕೃಷ್ಣನಿದ್ದಾನೆ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಅಲ್ಲಿ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಲೋಕವನ್ನು ಮೂರಡಿಯಲ್ಲಿ ಅಳೆದವನೆಂದು ಯಾರನ್ನು ಹೊಗಳುತ್ತೇವೆಯೋ ಅವನನ್ನೇ ಇನ್ನೂ ಒಂದಡಿಯನ್ನೂ ಇಡಲಾರದ ಕೂಸನ್ನಾಗಿ ಮಾಡಿ ಪೂಜಿಸುವ ಮನಸ್ಸು ತಾಯಂದಿರದೇ ಇರಬೇಕು.

ಇಷ್ಟು ಹೊತ್ತು ನಾನು ಸುಖದ ಮಾತನ್ನೇ ಆಡಿದೆ. ಈ ದಿನಚರಿಯ ಕೆಳಗೆ ಭಯವೊಂದು ನಿರಂತರವಾಗಿ ಹರಿಯುತ್ತಿತ್ತೆಂಬುದನ್ನು ಮರೆಯುವಂತಿಲ್ಲ. ಸುಶ್ರುತನು ಮಕ್ಕಳನ್ನು ಹಿಡಿಯುವ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ ಒಂದರ ಹೆಸರು ಪೂತನಾ. ಹಾಲೂಡಿಸುವ ನೆಪದಲ್ಲಿ ಕೊಲ್ಲಲು ಬಂದ ಆ ರಕ್ಕಸಿಯನ್ನು ಬಾಲಕೃಷ್ಣನ ಕಥೆ ಕೆತ್ತಿರುವ ನಮ್ಮ ಗುಡಿಗಳಲ್ಲಿ ನೀವು ನೋಡಿರುತ್ತೀರಿ. ಪುರಾಣವೆಂದು ನಾವು ಓದುವ ಕಥೆ ಹಿಂದಿನ ತಾಯಿಗೆ ದಿನನಿತ್ಯದ ಸಂಕಟ. ಹುಟ್ಟಿದ ಮಕ್ಕಳು ನಿಲ್ಲದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುತ್ತಿದ್ದರು. ಗುಂಡ, ಕಲ್ಲ ಎಂಬ ಹೆಸರುಗಳ ಹಿಂದೆಯೂ ಇದೇ ಉದ್ದೇಶ. ಇದು ಬೆಲೆಯಿಲ್ಲದ ವಸ್ತು, ಇದನ್ನು ಕೊಂಡೊಯ್ದು ನಿನಗೇನು ಲಾಭ ಎಂದು ಮೃತ್ಯುವಿಗೆ ಹೇಳುವ ಉಪಾಯ. ನಮ್ಮ ಮತದಾರರ ಪಟ್ಟಿಗಳಲ್ಲಿ ತಿಪ್ಪಯ್ಯ, ತಿಪ್ಪೇಸ್ವಾಮಿಗಳ ಹೆಸರು ಕಂಡಾಗಲೆಲ್ಲ, ಕೆಲವದರ ಹಿಂದೆಯಾದರೂ ಉಳಿಯದೆಹೋದ ಒಬ್ಬ ಅಣ್ಣನೋ ಅಕ್ಕನೋ ಇರಬಹುದೆಂದು ನನಗನ್ನಿಸುತ್ತದೆ.

ಆ ಭಯಗಳಲ್ಲೆಲ್ಲ ದೊಡ್ಡದು ಸಿಡುಬು. ಕನ್ನಡ ನಾಡಿನಲ್ಲಿ ಆ ರೋಗಕ್ಕೆ 'ಅಮ್ಮ' ಎಂದೇ ಹೆಸರು. 'ಅಮ್ಮ ಎದ್ದಿದೆ', 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಮಗು ಕಲಿಯುವ ಮೊದಲ ಮಾತು, ಗ್ರಾಮದೇವತೆಯನ್ನು ಕೂಗುವ ಮಾತು, ಮಗುವನ್ನು ಕೊಂಡೊಯ್ಯುವ ರೋಗದ ಹೆಸರು, ಮೂರೂ ಒಂದೇ.

ಈ ರೋಗವನ್ನು ತಡೆದ ಇತಿಹಾಸದಲ್ಲಿ ನಡಿಗೆ ಕಲಿತ ವಯಸ್ಸಿನ ಮಕ್ಕಳ ಪಾತ್ರ ದೊಡ್ಡದು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ ಹಸುವಿನ ಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಅದರಿಂದ ಮನುಷ್ಯರ ಸಿಡುಬು ಬರದಂತೆ ತಡೆಯಬಹುದೆಂದು ತೋರಿಸಿದನು. 'ವ್ಯಾಕ್ಸೀನ್' ಎಂಬ ಮಾತಿಗೆ ಮೂಲ ಲ್ಯಾಟಿನ್ ಭಾಷೆಯ ಹಸುವೇ. ಆದರೆ ಆ ಔಷಧವನ್ನು ಹಡಗಿನಲ್ಲಿ ಭಾರತಕ್ಕೆ ತರುವುದು ಸುಲಭವಾಗಿರಲಿಲ್ಲ. ದಾರಿಯ ಬಿಸಿಲಿಗೆ ಅದು ಕೆಡುತ್ತಿತ್ತು. ಅದನ್ನು ಜೀವಂತವಾಗಿಡಲು ಇದ್ದ ನಂಬಿಕೆಯ ಪಾತ್ರೆ ಮನುಷ್ಯನ ತೋಳೊಂದೇ. ಒಬ್ಬರಿಗೆ ಹಾಕಿದ ಎಂಟನೆಯ ದಿನದ ಹೊತ್ತಿಗೆ ಏಳುವ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ತೋಳಿನಿಂದ ತೋಳಿಗೆ ಸಾಗಿಸಬೇಕಾಗಿತ್ತು. ಬಾಗ್ದಾದ್, ಬಸ್ರಾಗಳ ಮೂಲಕ ಬಂದ ಆ ರಸ 1802ರ ಜೂನ್ 14ರಂದು ಮುಂಬಯಿಯಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಹಿಡಿಯಿತು. ಭಾರತದಲ್ಲಿ ಲಸಿಕೆ ಫಲಿಸಿದ ಮೊದಲ ಮಗು ಅದು. ಪುಣೆ, ಸೂರತ್, ಹೈದರಾಬಾದ್, ಮದರಾಸುಗಳಿಗೆ ಲಸಿಕೆ ಹರಡಿದ್ದು ಆ ಪುಟ್ಟ ತೋಳಿನಿಂದ. ಆ ಎಂಟು ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಳ್ಳೆಯನ್ನು ಕೆರೆಯದಂತೆ ಕೈ ಹಿಡಿದವರು ಯಾರು? ಚರಿತ್ರೆಯಲ್ಲಿ ಡಾಕ್ಟರರ ಹೆಸರುಗಳಿವೆ. ಆ ಕೈಗಳಿಗೆ ಹೆಸರಿಲ್ಲ.

ನಾಲ್ಕೇ ವರ್ಷಗಳಲ್ಲಿ ಈ ಸರಪಣಿ ಮೈಸೂರಿನ ಅರಮನೆಯನ್ನು ತಲುಪಿತು. 1799ರಲ್ಲಿ ಐದು ವರ್ಷ ತುಂಬುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿತ್ತು. ಅವರನ್ನು ಸಾಕಿ ಬೆಳೆಸುತ್ತಿದ್ದವರು ಅಜ್ಜಿ ಲಕ್ಷ್ಮಮ್ಮಣ್ಣಿ. 1806ರಲ್ಲಿ ಕಿರಿಯ ರಾಣಿ ದೇವಾಜಮ್ಮಣ್ಣಿಯವರಿಗೆ ದಾಕು ಹಾಕಿಸಿದ ಸಂಗತಿಯನ್ನು ಸಾರ್ವಜನಿಕವಾಗಿ ತಿಳಿಸಲಾಯಿತು. ಆ ಕಾಲದಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದನೆನ್ನಲಾದ ಮೂವರು ಸ್ತ್ರೀಯರ ವರ್ಣಚಿತ್ರವೊಂದಿದೆ. ಅದರಲ್ಲಿ ಒಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಅದು ದಾಕಿನ ಜಾಗವೆಂದೂ, ಪ್ರಜೆಗಳಿಗೆ ಧೈರ್ಯ ತುಂಬಲೆಂದು ಬರೆಸಿದ ಚಿತ್ರ ಅದೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ಪರಪುರುಷರೆದುರು ಬಾರದ ಅಂತಃಪುರದ ಹೆಣ್ಣುಮಗಳೊಬ್ಬಳು ಲೋಕಕ್ಕೆ ತೋಳು ತೋರಿಸಿ ನಿಂತದ್ದು ಅಂದಿಗೆ ಸಾಮಾನ್ಯ ಸಂಗತಿಯಲ್ಲ.

ಮುಂದೆ ಕರುವಿನ ಮೈಯಿಂದ ರಸ ತೆಗೆಯುವ ಕ್ರಮ ಬಂದಿತು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಸರ್ಕಾರಿ ಕೆಲಸ ದೊರೆಯದೆಹೋದ ಡಾ. ಪಲ್ಪು ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಬೆಂಗಳೂರಿನಲ್ಲಿ ಈ ಲಸಿಕೆಯ ತಯಾರಿಕೆಯಲ್ಲಿ ದುಡಿದರು. ಹಳ್ಳಿ ಹಳ್ಳಿಗೆ ದಾಕು ಹಾಕುವವರು ತಿರುಗತೊಡಗಿದರು.

ಇಷ್ಟೆಲ್ಲ ಆಗಿದ್ದ ಮೇಲೆ, ಅರಮನೆಯಿಂದ ಮೂವತ್ತು ಮೈಲಿ ದೂರದ ನಮ್ಮ ಹಳ್ಳಿಯಲ್ಲಿ, ಆ ಚಿತ್ರ ಬರೆದ ನೂರೈವತ್ತು ವರ್ಷಗಳ ಬಳಿಕ ನಡೆದುದನ್ನು ಹೇಳುತ್ತೇನೆ.

ನನಗೊಬ್ಬ ಅಕ್ಕನಿದ್ದಳು. ನಾನು ಅವಳನ್ನು ನೋಡಿದವನಲ್ಲ. 1956ರ ಗೌರಿಹಬ್ಬದ ಸುಮಾರಿಗೆ ಅವಳು ಅಂಬೆಗಾಲಿಕ್ಕಿ ನಮ್ಮ ತೊಟ್ಟಿಮನೆಯ ನಡುಮನೆಯ ಹೊಸ್ತಿಲು ದಾಟಿದಳಂತೆ. ಅಂದು ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು, ಕಾಯಿ ಒಡೆದು, ಕಡುಬು ಮಾಡಿ ಕೇರಿಗೆಲ್ಲ ಹಂಚಿದರಂತೆ. ಸಂಕ್ರಾಂತಿಯ ವೇಳೆಗೆ ಗೋಡೆ ಹಿಡಿದು ನಡೆದಳು. ಮಾಘಮಾಸದಲ್ಲಿ ದಾಕು ಹಾಕುವವನು ಊರಿಗೆ ಬಂದನು. ಅವನು ಬಂದ ಸುದ್ದಿ ತಿಳಿಯುತ್ತಲೇ ನಮ್ಮ ಅಜ್ಜಿ ಕೂಸನ್ನು ಎತ್ತಿಕೊಂಡು ಹೋಗಿ ಕತ್ತಲೆ ಕೋಣೆಯಲ್ಲಿ ರಾಗಿಯ ವಾಡೆಗಳ ಹಿಂದೆ ಅಡಗಿ ಕುಳಿತರು. ಮಾರಿಯಮ್ಮನ ಕೋಪಕ್ಕೆ ಗುರಿಯಾಗಬೇಕಾದೀತೆಂಬ ಅಂಜಿಕೆ ಒಂದು. ದುಂಡನೆಯ ಆ ಕಬ್ಬಿಣದ ಸಾಧನವನ್ನು ತೋಳಿಗೊತ್ತಿ ತಿರುಗಿಸಿದಾಗ ಹರಿಯುವ ರಕ್ತವನ್ನೂ, ಆಮೇಲೆ ವಾರಗಟ್ಟಲೆ ಬಾಧಿಸುವ ಹುಣ್ಣನ್ನೂ ಕಂಡಿದ್ದ ಸಂಕಟ ಇನ್ನೊಂದು. "ಮನೆಯಲ್ಲಿ ಮಕ್ಕಳಿಲ್ಲ" ಎಂದು ಬಾಗಿಲಲ್ಲಿ ನಿಂತು ಹೇಳಿದವರು ನಮ್ಮ ತಾಯಿ. ಅವರಿಗೆ ಆಗ ಹತ್ತೊಂಬತ್ತು ವರ್ಷ. ಅತ್ತೆಯ ಮಾತನ್ನು ಮೀರಿ ನಡೆಯುವ ವಯಸ್ಸಲ್ಲ, ಕಾಲವೂ ಅಲ್ಲ.

ಯುಗಾದಿ ಕಳೆದ ಮೂರನೆಯ ವಾರದಲ್ಲಿ ಕೂಸಿಗೆ ಜ್ವರ ಬಂದಿತು. ಗುಳ್ಳೆಗಳೆದ್ದವು. ಏಳು ತಿಂಗಳ ಹಿಂದೆ ಅರಿಶಿನ ಕುಂಕುಮವಿಟ್ಟಿದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಬೇವಿನ ಸೊಪ್ಪು ಕಂಡರೆ ಹೊರಗಿನವರು ಯಾರೂ ಹೊಸ್ತಿಲು ದಾಟಿ ಬರುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ, ತಲೆ ಬಾಚುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ನಮ್ಮ ತಾಯಿಯವರು ಹಗಲಿರುಳೂ ಬೇವಿನ ಎಲೆಯಲ್ಲಿ ಗಾಳಿ ಹಾಕುತ್ತ ಕುಳಿತರಂತೆ. "ಅದು ಅಮ್ಮಾ ಅಮ್ಮಾ ಅಂತಿತ್ತು. ನನ್ನನ್ನ ಕರೀತಿತ್ತೋ, ಆ ತಾಯಿನ ಕರೀತಿತ್ತೋ ತಿಳೀಲಿಲ್ಲ" ಎಂದು ಅವರು ಒಮ್ಮೆ ನನ್ನೆದುರು ಹೇಳಿದರು. ಒಮ್ಮೆ ಮಾತ್ರ. ಹತ್ತನೆಯ ದಿನ ಕೂಸು ತೀರಿಕೊಂಡಿತು.

ನಾನು ಹುಟ್ಟಿದ್ದು 1960ರಲ್ಲಿ. ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿದರು. ಶಾಲೆಯ ದಾಖಲೆಯಲ್ಲಿ ನನಗೆ ಬೇರೆ ಹೆಸರಿದ್ದರೂ ಊರಿನಲ್ಲಿ ಹಿರಿಯರಿಗೆ ನಾನು ತಿಪ್ಪನೇ. ನನ್ನ ಬಲಮೂಗಿನಲ್ಲಿ ಚುಚ್ಚಿಸಿದ ಗುರುತು ಇನ್ನೂ ಇದೆ. ಆದರೆ ಮರುವರ್ಷ ದಾಕು ಹಾಕುವವನು ಪಕ್ಕದೂರಿನ ಚಾವಡಿಗೆ ಬಂದಿದ್ದಾನೆಂದು ತಿಳಿದಾಗ, ಅವನು ನಮ್ಮೂರಿಗೆ ಬರುವವರೆಗೆ ನಮ್ಮ ತಾಯಿಯವರು ಕಾಯಲಿಲ್ಲ. ಅತ್ತೆಗೆ ಹೇಳದೆ, ನನ್ನನ್ನು ಸೊಂಟದ ಮೇಲೇರಿಸಿಕೊಂಡು, ಗದ್ದೆಯ ಬದುವಿನ ಮೇಲೆ ಎರಡು ಮೈಲಿ ನಡೆದುಹೋಗಿ ದಾಕು ಹಾಕಿಸಿಕೊಂಡು ಬಂದರು. ಹಿಂತಿರುಗಿ ಬಂದಾಗ ಅಜ್ಜಿ ನನ್ನ ತೋಳನ್ನು ನೋಡಿದರಂತೆ. ಏನೂ ಮಾತನಾಡದೆ ಒಳಗೆ ಹೋಗಿ ಬೆಣ್ಣೆ ತಂದು ತೋಳಿನ ಸುತ್ತ ಹಚ್ಚಿದರಂತೆ. ಆ ಎರಡು ದುಂಡು ಕಲೆಗಳು ನನ್ನ ಎಡತೋಳಿನಲ್ಲಿ ಈಗಲೂ ಇವೆ.

ತಿಪ್ಪೆಯೋ ದಾಕೋ, ನಿಮ್ಮ ತಾಯಿ ಯಾವುದನ್ನು ನಂಬಿದ್ದರು ಎಂದು ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದ. ನಾವು ಓದಿದವರು ಇಂಥ ಕಡೆ ಎರಡು ಪಕ್ಷಗಳನ್ನು ಕಟ್ಟಿ ನಿಲ್ಲಿಸುತ್ತೇವೆ. ಒಂದು ಕೂಸನ್ನು ಕಳೆದುಕೊಂಡ ತಾಯಿಗೆ ಪಕ್ಷಗಳಿಲ್ಲ. ಕೈಗೆ ಎಟಕಿದುದನ್ನೆಲ್ಲ ಅವಳು ಹಿಡಿಯುತ್ತಾಳೆ. ಆದರೂ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ತಿಪ್ಪೆ ನಮ್ಮ ಮನೆಯ ಹಿತ್ತಿಲಲ್ಲಿಯೇ ಇತ್ತು. ದಾಕಿಗಾಗಿ ಅವರು ಹೊಸ್ತಿಲು ದಾಟಿ ಎರಡು ಮೈಲಿ ನಡೆದರು. ಅಕ್ಕನನ್ನು ಉಳಿಸಬಲ್ಲುದಾಗಿದ್ದದ್ದೂ ಅದೇ. 1806ರಲ್ಲಿ ಅರಮನೆಯ ಬಾಗಿಲನ್ನು ಹೊಕ್ಕ ತಿಳಿವಳಿಕೆ 1957ರಲ್ಲಿ ನಮ್ಮ ಬಾಗಿಲಿನವರೆಗೆ ಬಂದು ಹಿಂತಿರುಗಿಹೋದುದಕ್ಕೆ ಅಜ್ಜಿಯೊಬ್ಬರನ್ನೇ ದೂರುವುದು ನ್ಯಾಯವಲ್ಲ. ಬಾಗಿಲಲ್ಲಿ ನಿಂತು ಎರಡು ಮಾತು ತಿಳಿಯಹೇಳುವ ವ್ಯವಧಾನ ಬಂದವನಿಗಿರಲಿಲ್ಲ. ಕೇಳುವ ಧೈರ್ಯ ಹತ್ತೊಂಬತ್ತರ ಸೊಸೆಗಿರಲಿಲ್ಲ.

ಆಮೇಲಿನ ಇತಿಹಾಸ ನಿಮಗೆ ತಿಳಿದಿದೆ. 1962ರಲ್ಲಿ ದೇಶದಾದ್ಯಂತ ಸಿಡುಬು ನಿರ್ಮೂಲನ ಕಾರ್ಯಕ್ರಮ ಮೊದಲಾಯಿತು. 1975ರಲ್ಲಿ ಭಾರತದ ಕೊನೆಯ ಪ್ರಕರಣ ಕಂಡಿತು. 1980ರಲ್ಲಿ ಲೋಕವೇ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದೇ 1975ರ ಗಾಂಧಿ ಜಯಂತಿಯಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಯ ಕಾರ್ಯಕರ್ತೆ ಅದೇ ಊರಿನ ಹೆಣ್ಣುಮಗಳಾದ್ದರಿಂದ ಅವಳಿಗೆ ಹೊಸ್ತಿಲು ಅಡ್ಡಿಯಾಗಲಿಲ್ಲ. ಡಾ. ಅನುಪಮ ನಿರಂಜನರು 'ತಾಯಿ-ಮಗು' ಎಂಬ ಪುಸ್ತಕದಲ್ಲಿ ವೈದ್ಯರ ತಿಳಿವಳಿಕೆಯನ್ನು ಮನೆಮಾತಿನ ಕನ್ನಡದಲ್ಲಿ ತಾಯಂದಿರ ಕೈಗಿತ್ತರು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿಯಿತು. ಅಂಕಿಗಳು ಇಳಿದವೆಂದು ಓದುವುದು ಸುಲಭ. ಒಂದೊಂದು ಅಂಕಿಯೂ ಹೊಸ್ತಿಲು ದಾಟಿದ ಒಂದೊಂದು ಮಗು.

ನಮ್ಮ ತಾಯಿಯವರು ಎಂಬತ್ತೊಂದು ವರ್ಷ ಬದುಕಿದ್ದರು. ನನ್ನ ಅಕ್ಕನ ವಿಷಯ ಬಂದಾಗ ಅವರು ಕೊನೆಯವರೆಗೂ 'ಅದು' ಎಂದೇ ಹೇಳುತ್ತಿದ್ದರು. 'ಅವಳು' ಎಂದದ್ದನ್ನು ನಾನು ಕೇಳಲಿಲ್ಲ. ಆಗ ಅದು ಹಳ್ಳಿಯವರ ವಾಡಿಕೆಯೆಂದುಕೊಂಡಿದ್ದೆ. ಈಗ ತಿಳಿಯುತ್ತಿದೆ. 'ಅವಳು' ಎಂದು ಕರೆಸಿಕೊಳ್ಳುವಷ್ಟು ದೊಡ್ಡದಾಗಲು ಅದಕ್ಕೆ ಕಾಲವೇ ಸಿಕ್ಕಿರಲಿಲ್ಲ.

ಕೇಳುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಎಂಬತ್ತು ದಾಟಿದ ತಾಯಂದಿರಿದ್ದರೆ ಅವರ ಬಳಿ ಕುಳಿತು ಕೇಳಿ. ಮಕ್ಕಳಿಗೆ ಏನು ಉಣಿಸುತ್ತಿದ್ದಿರಿ, ಜ್ವರ ಬಂದರೆ ಏನು ಮಾಡುತ್ತಿದ್ದಿರಿ, ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು ಎಂದು ಕೇಳಿ, ಬರೆದಿಡಿ. ಕೊನೆಯ ಪ್ರಶ್ನೆಗೆ ಅವರು ತಟ್ಟನೆ ಉತ್ತರ ಕೊಡದಿದ್ದರೆ ಅವಸರಪಡಿಸಬೇಡಿ. ನಮ್ಮ ಇತಿಹಾಸದ ದೊಡ್ಡ ಭಾಗವೊಂದು ಇನ್ನೂ ಬರೆಯದೆ ಉಳಿದಿರುವುದು ಅವರಲ್ಲಿಯೇ.

ಬೆಂಗಳೂರಿನ ಮನೆಗೆ ಹೊಸ್ತಿಲಿಲ್ಲದ ಸಮಸ್ಯೆಯನ್ನು ನನ್ನ ಪತ್ನಿ ತಾನೇ ಬಗೆಹರಿಸಿದಳು. ದೇವರ ಮುಂದಿದ್ದ ಮಣೆಯನ್ನು ತಂದು ಕೋಣೆಯ ಬಾಗಿಲಿಗೆ ಅಡ್ಡಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿದಳು. ಮಗು ಅದರ ಹತ್ತಿರ ಬಂದು ಸ್ವಲ್ಪ ಹೊತ್ತು ನೋಡಿತು. ಮಣೆಯ ಮೇಲೆ ಎರಡು ಕೈಯನ್ನೂ ಊರಿ ಹತ್ತಿ, ಆಚೆಗೆ ಇಳಿದು, ತಿರುಗಿ ನಮ್ಮನ್ನೆಲ್ಲ ನೋಡಿ ನಕ್ಕಿತು. ಅದರ ಅಂಗೈ ಮೊಳಕಾಲುಗಳೆಲ್ಲ ಅರಿಶಿನವಾಗಿತ್ತು. ಮಗಳು ಅದನ್ನೆತ್ತಿಕೊಂಡು, ಮುಂದಿನ ವಾರ ಲಸಿಕೆ ಹಾಕಿಸುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದಳು. ನಾನು ಕಾಯಿ ಒಡೆದೆ.